ಲಾಯಲಿಸ್ಟ್ ರೆಜಿಮೆಂಟಿನ ಪಟ್ಟಿಯಲ್ಲಿ ಡ್ರಮ್ಮರ್‌ಗಳಿದ್ದಾರೆ, ಫೈಫ್ ಊದುವವರು ಎಲ್ಲಿ ಹೋದರು?

ಮಾರಿಸ್‌ಬರ್ಗ್_ಅಪ್ಪ:

ಎಲ್ಲರಿಗೂ ನಮಸ್ಕಾರ. ನಾವಿರುವುದು ಕೆನಡಾದ ಒಂಟಾರಿಯೋದಲ್ಲಿ, ಸೇಂಟ್ ಲಾರೆನ್ಸ್ ನದಿ ದಂಡೆಯ ಮಾರಿಸ್‌ಬರ್ಗ್ ಹತ್ತಿರ. ನನ್ನ ಮಗಳಿಗೆ 13 ವರ್ಷ. ಇಲ್ಲಿನ ಒಂದು ಫೈಫ್ ಮತ್ತು ಡ್ರಮ್ ತಂಡಕ್ಕೆ ಸೇರಿಕೊಂಡಿದ್ದಾಳೆ. ಫೈಫ್ ಅಂದರೆ ಮರದ ಸಣ್ಣ ಅಡ್ಡ ಕೊಳಲು. ಸದ್ದು ಮಾತ್ರ ಸಣ್ಣದಲ್ಲ. ಪಕ್ಕದ ಮನೆಯವರು ಇನ್ನೂ ನಗುನಗುತ್ತಲೇ ಮಾತಾಡಿಸುತ್ತಾರೆ, ಎಷ್ಟು ದಿನವೋ ನೋಡಬೇಕು.

ತಂಡದವರು ಹಾಕುವುದು ಲಾಯಲಿಸ್ಟ್ ಸೈನಿಕರ ವೇಷ. ಅಮೆರಿಕದ ಸ್ವಾತಂತ್ರ್ಯ ಯುದ್ಧ ನಡೆಯುವಾಗ ಅಲ್ಲಿದ್ದುಕೊಂಡೇ ಇಂಗ್ಲೆಂಡ್ ರಾಜನ ಕಡೆ ನಿಂತವರು, ಸೋತ ಮೇಲೆ ಮನೆ ಮಠ ಬಿಟ್ಟು ಈ ಕಡೆ ಬಂದವರು. ಶಾಲೆಯ ಪ್ರಾಜೆಕ್ಟಿಗೆ ಮಗಳು ಕಿಂಗ್ಸ್ ರಾಯಲ್ ರೆಜಿಮೆಂಟ್ ಆಫ್ ನ್ಯೂಯಾರ್ಕ್ ಎಂಬ ಪಡೆಯ ವಾದ್ಯದವರ ಬಗ್ಗೆ ಬರೆಯಬೇಕು. ಇಬ್ಬರೂ ಕೂತು ಆ ಕಾಲದ ಹಾಜರಿ ಪಟ್ಟಿಗಳನ್ನು ನೋಡಿದೆವು. ಸಾರ್ಜೆಂಟ್, ಕಾರ್ಪೊರಲ್, ಡ್ರಮ್ಮರ್, ಆಮೇಲೆ ಸಾಮಾನ್ಯ ಸೈನಿಕರು. ಫೈಫ್ ಊದುವವರ ಹೆಸರೇ ಕಾಣಲಿಲ್ಲ. ಅವಳಿಗೆ ತುಂಬಾ ಬೇಜಾರಾಗಿದೆ. 'ಹಾಗಾದರೆ ನಾನು ಮಾಡುತ್ತಿರುವುದು ಸುಳ್ಳು ವೇಷವಾ ಅಪ್ಪಾ?' ಅಂತ ಕೇಳುತ್ತಿದ್ದಾಳೆ.

ಇನ್ನೊಂದು ವಿಷಯ. ಒಂದು ಮೇಳದಲ್ಲಿ ಬೇರೆ ರೆಜಿಮೆಂಟಿನ ಡ್ರಮ್ಮರ್ ಹಳದಿ ಕೋಟು ಹಾಕಿದ್ದ, ಅವನ ಜೊತೆಗಿದ್ದ ಸೈನಿಕರದ್ದು ಕೆಂಪು. ಇವಳ ತಂಡದಲ್ಲಿ ಎಲ್ಲರದ್ದೂ ಕೆಂಪೇ. ಯಾಕೆ ಹೀಗೆ? ನಿಜಕ್ಕೂ ಇವಳ ವಯಸ್ಸಿನ ಮಕ್ಕಳನ್ನು ಯುದ್ಧಕ್ಕೆ ಕಳಿಸುತ್ತಿದ್ದರಾ? ತಿಳಿದವರು ಸ್ವಲ್ಪ ಹೇಳಿ.

ದಂಡು_ಪೇಟೆ:

ಹೌದು ಸರ್, ಪಾಪದ ಹುಡುಗರು. ಹತ್ತು ಹನ್ನೆರಡು ವರ್ಷದವರನ್ನು ಸಾಲಿನ ಮುಂದೆ ನಿಲ್ಲಿಸಿ ಡ್ರಮ್ ಹೊಡೆಸುತ್ತಿದ್ದರು. ಸೈನಿಕರಿಗೆ ಹುರುಪು ಬರಲಿ ಅಂತ. ಮೊದಲ ಗುಂಡು ಅವರಿಗೇ. ಚಿತ್ರಗಳಲ್ಲಿ ನೋಡಿದ್ದೇನೆ.

ಚೆಂಡೆ_ಕಾರ್ನ್‌ವಾಲ್:

ದಂಡು ಪೇಟೆಯವರೇ, ಆ ಚಿತ್ರಗಳಲ್ಲಿ ಹೆಚ್ಚಿನವು ಯುದ್ಧ ಮುಗಿದು ನೂರು ವರ್ಷ ಕಳೆದ ಮೇಲೆ ಬರೆದವು ಮಾರಾಯ್ರೇ. ಕಣ್ಣೀರು ಬರಿಸುವುದಕ್ಕೆ ಚೆನ್ನಾಗಿವೆ.

ನಾನು ಮೂಲತಃ ಕುಂದಾಪುರದ ಕಡೆಯವನು. ಮಾರಿಸ್‌ಬರ್ಗಿನಿಂದ ಪೂರ್ವಕ್ಕೆ, ಇದೇ ನದಿ ದಂಡೆಯ ಕಾರ್ನ್‌ವಾಲ್‌ನಲ್ಲಿ ಇದ್ದೇನೆ. ಕೆಲಸದಿಂದ ನಿವೃತ್ತನಾದ ಮೇಲೆ ಇಂಥದ್ದೇ ಒಂದು ತಂಡದಲ್ಲಿ ಡ್ರಮ್ ಹೊಡೆಯುತ್ತೇನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಮಗಳಿಗೆ ಹೇಳಿ, ಅವಳದ್ದು ಸುಳ್ಳು ವೇಷ ಅಲ್ಲ. ಆ ಹಾಜರಿ ಪಟ್ಟಿ ಬರೆದದ್ದು ಸಂಗೀತದ ಲೆಕ್ಕಕ್ಕಲ್ಲ, ಸಂಬಳದ ಲೆಕ್ಕಕ್ಕೆ. ಬ್ರಿಟಿಷ್ ಕಾಲಾಳು ರೆಜಿಮೆಂಟಿನಲ್ಲಿ ಫೈಫರ್ ಎಂಬ ಹುದ್ದೆಗೆ ಮಂಜೂರಾತಿ ಇದ್ದದ್ದು ಗ್ರೆನೇಡಿಯರ್ ಕಂಪನಿಗೆ, ಅಂದರೆ ಗಟ್ಟಿ ಆಳುಗಳನ್ನು ಆರಿಸಿ ಕಟ್ಟಿದ ತುಕಡಿಗೆ, ಮಾತ್ರ. ಅಲ್ಲೂ ಇಬ್ಬರಿಗೆ. ಉಳಿದ ಕಂಪನಿಗಳಿಗೆ ಡ್ರಮ್ಮರ್ ಹುದ್ದೆ ಮಾತ್ರ. ಲಾಯಲಿಸ್ಟ್ ಪಡೆಗಳೂ ಇದೇ ಅಚ್ಚಿನಲ್ಲಿ ಕಟ್ಟಿದವು. ಹಾಗಂತ ಬೇರೆ ಕಂಪನಿಯವರು ಫೈಫ್ ಇಲ್ಲದೆ ಸುಮ್ಮನಿರುತ್ತಿದ್ದರೇ? ಫೈಫ್ ಊದುವವನನ್ನೂ ಡ್ರಮ್ಮರ್ ಅಂತಲೇ ಬರೆದುಕೊಂಡು ಸಂಬಳ ಕೊಡುತ್ತಿದ್ದರು. ಕಂಪನಿಗೆ ಇಬ್ಬರು ಡ್ರಮ್ಮರ್ ಅಂತ ಪಟ್ಟಿಯಲ್ಲಿ ಕಂಡರೆ, ಒಬ್ಬನ ಕೈಯಲ್ಲಿ ಕೋಲು, ಇನ್ನೊಬ್ಬನ ಕೈಯಲ್ಲಿ ಫೈಫ್ ಇದ್ದಿರಬಹುದು. ಯಾರು ಯಾವುದು ಅಂತ ಪಟ್ಟಿ ಹೇಳುವುದಿಲ್ಲ. ಗುಮಾಸ್ತನಿಗೆ ಅದು ಬೇಕಾಗಿಯೂ ಇರಲಿಲ್ಲ. ಪ್ರಾಜೆಕ್ಟಿನಲ್ಲಿ ಇದನ್ನೇ ಬರೆಯಲಿ, ಮೇಷ್ಟ್ರಿಗೂ ಹೊಸ ವಿಷಯ.

ಸಂಬಳ ಅಂದೆನಲ್ಲ, ಅದನ್ನೂ ಕೇಳಿ. ಸಾಮಾನ್ಯ ಸೈನಿಕನಿಗೆ ದಿನಕ್ಕೆ 8 ಪೆನ್ಸ್. ಡ್ರಮ್ಮರಿಗೆ ಒಂದು ಶಿಲ್ಲಿಂಗ್, ಅಂದರೆ 12 ಪೆನ್ಸ್. ಕಾರ್ಪೊರಲ್‌ಗೂ ಅಷ್ಟೇ. ರಾಜನ ಖಜಾನೆ ಸುಮ್ನೆ ಚಿಕ್ಕ ಹುಡುಗನಿಗೆ ಸೈನಿಕನಿಗಿಂತ ಅರ್ಧಪಾಲು ಜಾಸ್ತಿ ಕೊಡುತ್ತದೆಯೇ? ಇದು ಕಲಿತವರ ಕೆಲಸ. ಹುಡುಗರು ಇದ್ದರು, ಇಲ್ಲ ಅನ್ನುವುದಿಲ್ಲ. ರೆಜಿಮೆಂಟಿನಲ್ಲೇ ಹುಟ್ಟಿ ಬೆಳೆದ ಸೈನಿಕರ ಮಕ್ಕಳು ಡ್ರಮ್ ಕಲಿತು ಸೇರಿಕೊಳ್ಳುತ್ತಿದ್ದರು. ಆದರೆ ಅದೇ ಸಾಲಿನಲ್ಲಿ ಮೀಸೆ ನೆರೆತ ಡ್ರಮ್ಮರ್‌ಗಳೂ ಇದ್ದರು. ಹುಡುಗನಾಗಿ ಸೇರಿದವನು ಇಪ್ಪತ್ತು ವರ್ಷ ಕಳೆದರೂ ಡ್ರಮ್ಮರ್ ಆಗಿಯೇ ಇರುತ್ತಿದ್ದ. ಹುಡುಗನ ಚಿತ್ರ ಉಳಿಯಿತು, ನಲವತ್ತು ವರ್ಷದವನದ್ದು ಯಾರೂ ಬರೆಯಲಿಲ್ಲ.

ಇನ್ನು ಅವರ ಕೆಲಸ ಏನು? ಹುರುಪು ತುಂಬುವುದು ಕಡೆಯ ಮಾತು. ಮೈಕ್ ಇಲ್ಲದ ಕಾಲ. ನಾನೂರು ಜನರಿಗೆ ಒಂದೇ ಸಲ ಅಪ್ಪಣೆ ಮುಟ್ಟಬೇಕು. ನಮ್ಮೂರಲ್ಲಿ ಆಟದ ಚೆಂಡೆ ಗದ್ದೆ ದಾಟಿ ಆಚೆ ಊರಿಗೆ ಕೇಳುತ್ತದಲ್ಲ, ಇವರದ್ದೂ ಹಾಗೇ. ಬೆಳಕು ಹರಿಯುವಾಗ ರಿವೆಲಿ ಬಾರಿಸಬೇಕು. ಅದು ಕೇಳಿದ ಮೇಲೆ ಕಾವಲಿನವನು ಬಂದವರನ್ನೆಲ್ಲ 'ಯಾರದು' ಅಂತ ತಡೆಯುವುದನ್ನು ನಿಲ್ಲಿಸುತ್ತಾನೆ. ಬೆಳಗ್ಗೆ ಟ್ರೂಪ್ ಬಾರಿಸಿದರೆ ಸಾಲು ನಿಲ್ಲಬೇಕು, ಕಾವಲು ಬದಲಾಗಬೇಕು. ಹೊತ್ತು ಮುಳುಗುವಾಗ ರಿಟ್ರೀಟ್. ಹೆಸರು ಕೇಳಿ ಓಡಿಹೋಗುವುದು ಅಂದುಕೊಳ್ಳಬೇಡಿ, ದಿನದ ಕೆಲಸ ಮುಗಿಯಿತು ಅಂತ ಅಷ್ಟೇ. ರಾತ್ರಿ ಟ್ಯಾಟೂ, ಎಲ್ಲರೂ ಬಿಡಾರ ಸೇರಬೇಕು. ಜನರಲ್ ಬಾರಿಸಿದರೆ ಡೇರೆ ಕಿತ್ತು ಹೊರಡಲು ತಯಾರಾಗಬೇಕು. ಸೌದೆ, ಗುದ್ದಲಿ ಕೆಲಸದವರಿಗೆ ಪಯೋನಿಯರ್ಸ್ ಅಂತ ಬೇರೆ ಬಡಿತ. ಊಟಕ್ಕೆ ರೋಸ್ಟ್ ಬೀಫ್ ಎಂಬ ಹಾಡಿನ ಧಾಟಿ. ಊಟದಲ್ಲಿ ಬೀಫ್ ಇರುತ್ತಿತ್ತು ಅಂತ ಅರ್ಥ ಅಲ್ಲ, ಹೆಚ್ಚಾಗಿ ಉಪ್ಪು ಹಾಕಿಟ್ಟ ಹಂದಿ ಮಾಂಸವೇ. ಇಷ್ಟನ್ನೂ ನಿದ್ದೆಗಣ್ಣಿನಲ್ಲಿ ತಪ್ಪಿಲ್ಲದೆ ಬಾರಿಸಬೇಕು. ತಪ್ಪಿ 'ಟು ಆರ್ಮ್ಸ್' ಬಾರಿಸಿದಿರೋ, ಇಡೀ ಪಡೆ ಬಂದೂಕು ಹಿಡಿದು ಓಡಿ ಬರುತ್ತದೆ.

ನಿಮ್ಮ ರೆಜಿಮೆಂಟಿನಲ್ಲಿ ಈ ದಿನಚರಿಯ ಬಡಿತಗಳೇ ಮುಖ್ಯ ಯಾಕೆ ಅಂತ ಹೇಳುತ್ತೇನೆ. ಸರ್ ಜಾನ್ ಜಾನ್ಸನ್ ನ್ಯೂಯಾರ್ಕಿನ ಮೊಹಾಕ್ ಕಣಿವೆಯ ದೊಡ್ಡ ಜಮೀನುದಾರ. 1776ರ ಮೇ ತಿಂಗಳಲ್ಲಿ ಬಂಧನ ತಪ್ಪಿಸಿಕೊಳ್ಳಲು ತನ್ನ ಒಕ್ಕಲು ಮಕ್ಕಳನ್ನು ಕಟ್ಟಿಕೊಂಡು ಆಡಿರಾಂಡಾಕ್ ಕಾಡು ಬಿದ್ದ. ಹೊಟ್ಟೆಗಿಲ್ಲದೆ 19 ದಿನ ನಡೆದು ಮಾಂಟ್ರಿಯಲ್ ಕಡೆ ಬಂದು ಮುಟ್ಟಿದರು. ಜೂನ್‌ನಲ್ಲಿ ರೆಜಿಮೆಂಟ್ ಹುಟ್ಟಿತು. ಅದರಲ್ಲಿ ಸ್ಕಾಟ್ಲೆಂಡಿನ ಗುಡ್ಡಗಾಡಿನವರು, ಜರ್ಮನ್ ಪ್ಯಾಲಟೈನರು, ಡಚ್ಚರು, ಐರಿಶ್‌ನವರು ಎಲ್ಲ ಇದ್ದರು. ಒಬ್ಬನ ಮಾತು ಇನ್ನೊಬ್ಬನಿಗೆ ಸರಿಯಾಗಿ ತಿಳಿಯದ ಪಡೆ. ಡ್ರಮ್ ಮಾತ್ರ ಎಲ್ಲರಿಗೂ ತಿಳಿಯುತ್ತಿತ್ತು.

1777ರ ಆಗಸ್ಟ್ 6ರಂದು ಒರಿಸ್ಕನಿಯಲ್ಲಿ ಹೋರಾಡಿದರು. ಆದರೆ ಅದು ಕಾಡಿನ ತಗ್ಗಿನಲ್ಲಿ ಹೊಂಚು ಹಾಕಿ ಬಿದ್ದ ಕಾಳಗ. ಹೊಂಚು ಹಾಕಿ ಕೂತವರು ಡ್ರಮ್ ಬಾರಿಸುತ್ತಾರೆಯೇ? 1780ರಲ್ಲಿ ತಮ್ಮದೇ ಹಳೇ ಕಣಿವೆಗೆ ನುಗ್ಗಿ ಬೆಳೆ, ಕಣಜ ಸುಟ್ಟರು. ಅಲ್ಲೂ ಸದ್ದಿಲ್ಲದೆ ನಡೆಯುವುದೇ ಜಾಸ್ತಿ. ಇಂಥ ದಾಳಿಗಳ ನಡುವೆ ತಿಂಗಳುಗಟ್ಟಲೆ ಕೋಟೆ ಕಾಯುವುದು, ಮರ ಕಡಿಯುವುದು, ಮಣ್ಣು ಹೊರುವುದು. ಕೋಟೊ-ಡು-ಲಾಕ್‌ನಲ್ಲಿ ನದಿಯ ರಭಸ ತಪ್ಪಿಸಿ ದೋಣಿ ಸಾಗಿಸಲು ಕಾಲುವೆ ತೋಡಿದರಲ್ಲ, 1779ರಲ್ಲಿ ಶುರುವಾದದ್ದು, ಅಲ್ಲಿಯೂ ಇವರ ಬೆವರಿದೆ. ನಮ್ಮ ಕಾರ್ನ್‌ವಾಲ್‌ನಿಂದ ಮಾಂಟ್ರಿಯಲ್ ದಾರಿಯಲ್ಲೇ ಸಿಗುತ್ತದೆ, ಮಗಳನ್ನು ಕರೆದುಕೊಂಡು ಹೋಗಿ ನೋಡಿ. ಅಲ್ಲಿ ಡ್ರಮ್ಮರ್ ಕೆಲಸ ಯುದ್ಧ ಅಲ್ಲ. ಏಳಿ, ಗುದ್ದಲಿ ಹಿಡಿಯಿರಿ, ಉಣ್ಣಿರಿ, ಮಲಗಿ. ದಿನಾ.

ಈಗ ಕೋಟಿನ ಬಣ್ಣ. 1768ರಲ್ಲಿ ರಾಜ ಬಟ್ಟೆಯ ನಿಯಮ ಹೊರಡಿಸಿದ. ಸೈನಿಕನ ಕೋಟು ಕೆಂಪು, ಅದರ ಕಾಲರ್, ಎದೆಪಟ್ಟಿ, ಕೈಪಟ್ಟಿಗೆ ರೆಜಿಮೆಂಟಿನದೇ ಒಂದು ಬಣ್ಣ. ಡ್ರಮ್ಮರಿಗೆ ಇದು ತಿರುವುಮುರುವು. ಪಟ್ಟಿಯ ಬಣ್ಣದ್ದೇ ಕೋಟು, ಪಟ್ಟಿ ಕೆಂಪು. ಹಳದಿ ಪಟ್ಟಿಯ ರೆಜಿಮೆಂಟಾದರೆ ಡ್ರಮ್ಮರ್ ಹಳದಿ ಕೋಟಿನಲ್ಲಿ. ಬಂದೂಕಿನ ಹೊಗೆಯಲ್ಲಿ ಅಧಿಕಾರಿಗೆ ಡ್ರಮ್ಮರ್ ತಟ್ಟನೆ ಕಣ್ಣಿಗೆ ಬೀಳಬೇಕಲ್ಲ. ಆದರೆ 'ರಾಯಲ್' ಎಂಬ ಗೌರವ ಇರುವ ರೆಜಿಮೆಂಟುಗಳ ಪಟ್ಟಿ ನೀಲಿ. ಅವರ ಡ್ರಮ್ಮರ್‌ಗಳಿಗೆ ತಿರುವುಮುರುವು ಇಲ್ಲ, ಅವರೂ ಕೆಂಪು ಕೋಟು ನೀಲಿ ಪಟ್ಟಿಯೇ. ವ್ಯತ್ಯಾಸ ಇರುವುದು ಮೈ ತುಂಬ ಹೊಲಿದ ಲೇಸಿನಲ್ಲಿ. ನಿಮ್ಮ ಮಗಳ ತಂಡ ರಾಯಲ್ ಅಲ್ವಾ, ಅದಕ್ಕೇ ಕೆಂಪು.

ಇದರಲ್ಲೂ ಒಂದು ಮಾತಿದೆ. ಲಾಯಲಿಸ್ಟ್ ಪಡೆಗಳಿಗೆ ಮೊದಲು ಬಂದದ್ದು ಹಸಿರು ಕೋಟು. ಜಾನ್ಸನ್ನನ ಪಡೆಗೆ 'ರಾಯಲ್ ಗ್ರೀನ್ಸ್' ಅಂತಲೇ ಹೆಸರು ಬಿದ್ದಿತ್ತು. ಕೆಂಪು ಬಂದದ್ದು ಆಮೇಲೆ. ಹಾಗಾಗಿ ಒರಿಸ್ಕನಿ ಕಾಳಗದ ವೇಷ ಹಾಕುವುದಾದರೆ ಕೆಂಪು ಕೋಟು ನನಗೆ ಒಪ್ಪಿಗೆ ಇಲ್ಲ. ನಮ್ಮ ತಂಡದಲ್ಲಿ ಈ ವಿಷಯಕ್ಕೆ ಪ್ರತಿ ಬೇಸಿಗೆ ಜಗಳ.

ಅದೇ 1768ರ ನಿಯಮದಲ್ಲಿ ಡ್ರಮ್ ಮರದ್ದೇ ಆಗಿರಬೇಕು ಅಂತಿದೆ. ಮುಂಭಾಗಕ್ಕೆ ರೆಜಿಮೆಂಟಿನ ಪಟ್ಟಿಯ ಬಣ್ಣ ಬಳಿದು, ಅದರ ಮೇಲೆ ರಾಜನ ಹೆಸರಿನ ಅಕ್ಷರ, ಕಿರೀಟ ಬರೆಯಬೇಕು. ತಲೆಗೆ ಕರಡಿ ಚರ್ಮದ ಟೋಪಿ. ಸೊಂಟಕ್ಕೆ ಬಾಗಿದ ಅಲಗಿನ ಗಿಡ್ಡ ಕತ್ತಿ. ಗಡಿಯಾಚೆಯ ಕಾಡಿನ ಕೋಟೆಗಳಲ್ಲಿ ಇದೆಲ್ಲ ಪೂರ್ತಿ ಪಾಲನೆಯಾಯಿತು ಅಂತ ನಾನು ನಂಬುವುದಿಲ್ಲ. ಸಾಮಾನು ಇಂಗ್ಲೆಂಡಿನಿಂದ ಹಡಗಿನಲ್ಲಿ ಬರಬೇಕಿತ್ತು.

ಇತಿಹಾಸ_ಹುಚ್ಚಿ:

ಚೆಂಡೆಯವರು ಒಂದು ಕೆಲಸ ಬಿಟ್ಟಿದ್ದಾರೆ, ಬೇಕಂತಲೇ ಬಿಟ್ಟರೋ ಏನೋ. ಚಾಟಿ ಏಟು ಹೊಡೆಯುತ್ತಿದ್ದವರೂ ಡ್ರಮ್ಮರ್‌ಗಳೇ ಅಲ್ವಾ? ಮತ್ತೆ, ಕಪ್ಪು ಜನ ತುಂಬಾ ಮಂದಿ ಡ್ರಮ್ಮರ್‌ಗಳಾಗಿದ್ದರು ಅಂತ ಓದಿದ್ದೇನೆ. ಲಾಯಲಿಸ್ಟ್ ಪಡೆಗಳಲ್ಲೂ ಇದ್ದರಾ?

ಚೆಂಡೆ_ಕಾರ್ನ್‌ವಾಲ್:

ಬೇಕಂತಲೇ ಬಿಟ್ಟದ್ದು ಮೇಡಂ, 13 ವರ್ಷದ ಹುಡುಗಿಯ ಪ್ರಾಜೆಕ್ಟ್ ಅಂತ. ಕೇಳಿದಿರಲ್ಲ, ಹೇಳುತ್ತೇನೆ.

ಹೌದು. ಕೋರ್ಟ್ ಮಾರ್ಷಲ್ ಶಿಕ್ಷೆ ಕೊಟ್ಟರೆ ಒಂಬತ್ತು ಬಾಲದ ಚಾಟಿ ಹಿಡಿಯುವುದು ಡ್ರಮ್ಮರ್. ಡ್ರಮ್ ಮೇಜರ್ ಪಕ್ಕದಲ್ಲಿ ನಿಂತು ನೋಡಿಕೊಳ್ಳುತ್ತಾನೆ. ಏಟು ನೂರುಗಟ್ಟಲೆ ಇರುತ್ತಿತ್ತು, ಹಾಗಾಗಿ ಒಬ್ಬನ ಕೈ ಸೋತರೆ ಇನ್ನೊಬ್ಬ. ಬೆಳಗ್ಗೆ ಒಟ್ಟಿಗೆ ಉಂಡವನ ಬೆನ್ನ ಮೇಲೆ ಮಧ್ಯಾಹ್ನ ಬಾರಿಸಬೇಕು. ಸೈನಿಕರಿಗೆ ಡ್ರಮ್ಮರ್ ಮೇಲೆ ಎಂಥ ಭಾವನೆ ಇದ್ದಿರಬೇಕು ಯೋಚಿಸಿ. ಯಾರನ್ನಾದರೂ ಪಡೆಯಿಂದ ಓಡಿಸುವಾಗಲೂ ಇವರೇ. ಕೊರಳಿಗೆ ಹಗ್ಗ ಹಾಕಿ, ರೋಗ್ಸ್ ಮಾರ್ಚ್ ಬಾರಿಸುತ್ತಾ ಶಿಬಿರದುದ್ದಕ್ಕೂ ನಡೆಸಿ ಆಚೆ ನೂಕುತ್ತಿದ್ದರು. ಮೇಳಗಳಲ್ಲಿ ನಾವು ಆ ಧಾಟಿ ನುಡಿಸಿದರೆ ಜನ ಚಪ್ಪಾಳೆ ತಟ್ಟುತ್ತಾರೆ. ಒಳ್ಳೆ ಕುಣಿಯುವ ಧಾಟಿ.

ಕಪ್ಪು ಡ್ರಮ್ಮರ್‌ಗಳ ವಿಷಯ. ಬ್ರಿಟಿಷ್ ಸೈನ್ಯದ 29ನೇ ರೆಜಿಮೆಂಟಿಗೆ 1759ರಲ್ಲಿ ಗ್ವಾಡಲೂಪ್ ದ್ವೀಪದಿಂದ ಹತ್ತು ಹುಡುಗರನ್ನು ತಂದು ಕೊಟ್ಟವನು ಅಡ್ಮಿರಲ್ ಬಾಸ್ಕವೆನ್. ಅವನ ತಮ್ಮ ಆ ರೆಜಿಮೆಂಟಿನ ಕರ್ನಲ್. 1843ರವರೆಗೂ ಆ ರೆಜಿಮೆಂಟಿನಲ್ಲಿ ಕಪ್ಪು ಡ್ರಮ್ಮರ್‌ಗಳ ಪದ್ಧತಿ ನಡೆಯಿತು. ಅದೇ ರೆಜಿಮೆಂಟ್ 1768ರಲ್ಲಿ ಬಾಸ್ಟನ್ನಿಗೆ ಬಂದಾಗ, ಕಪ್ಪು ಡ್ರಮ್ಮರ್‌ಗಳು ಬಿಳಿ ಸೈನಿಕರಿಗೆ ಚಾಟಿಯಲ್ಲಿ ಹೊಡೆಯುವುದನ್ನು ನೋಡಿ ಊರಿನವರು ದಂಗಾದರು. ತಮ್ಮ ಮನೆಗಳಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದ ಊರು ಅದು! ಬ್ರಿಟಿಷರು ಬಾಡಿಗೆಗೆ ತಂದ ಹೆಸ್ಸಿಯನ್ ಎಂಬ ಜರ್ಮನ್ ಸೈನಿಕರೂ ಅಮೆರಿಕದಲ್ಲಿ ಕಪ್ಪು ಡ್ರಮ್ಮರ್‌ಗಳನ್ನು ಸೇರಿಸಿಕೊಂಡರು.

ಲಾಯಲಿಸ್ಟ್ ಪಡೆಗಳಲ್ಲಿ ಕಥೆ ಸ್ವಲ್ಪ ಗೋಜಲು. 1777ರಲ್ಲಿ ಕಪ್ಪು ಜನರನ್ನು ಈ ಪಡೆಗಳಿಂದ ಬಿಡಿಸಬೇಕು ಅಂತ ಅಪ್ಪಣೆ ಬಂತು. ಬಂದೂಕು ಹಿಡಿಯುವ ಸಾಲಿನಿಂದ ಬಿಡಿಸಿದರೂ ವಾದ್ಯದವರಾಗಿ, ಗುದ್ದಲಿ ಕೆಲಸದವರಾಗಿ ಅವರು ಉಳಿದರು. ನನಗೆ ಇಷ್ಟವಾದವನು ಕ್ವೀನ್ಸ್ ರೇಂಜರ್ಸ್ ಎಂಬ ಲಾಯಲಿಸ್ಟ್ ಪಡೆಯ ಬಾರ್ನಿ. ಅವನದ್ದು ಡ್ರಮ್ ಅಲ್ಲ, ಕುದುರೆ ಪಡೆಯ ತುತ್ತೂರಿ. 1781ರ ಜೂನ್ 26ರಂದು ವರ್ಜೀನಿಯಾದ ಸ್ಪೆನ್ಸರ್ಸ್ ಆರ್ಡಿನರಿಯಲ್ಲಿ ಅವನನ್ನು ಕಾವಲಿಗೆ ನಿಲ್ಲಿಸಿದ್ದರು. ಶತ್ರು ಕುದುರೆಗಳು ಬಂದದ್ದು ಕಂಡ ಕೂಡಲೇ ಎಚ್ಚರಿಕೆ ಕೊಟ್ಟ. ಕೊಟ್ಟು ನೇರ ತನ್ನವರ ಕಡೆ ಓಡಲಿಲ್ಲ. ಓಡಿದ್ದರೆ ಶತ್ರುವೂ ಹಿಂದೆಯೇ ಅಲ್ಲಿಗೆ ಬರುತ್ತಿದ್ದ, ಅಲ್ವಾ? ಅದಕ್ಕೆ ಬೇರೆ ದಿಕ್ಕಿಗೆ ಕುದುರೆ ಓಡಿಸಿದ. ಕಮಾಂಡರ್ ಸಿಮ್ಕೋ ತನ್ನ ದಿನಚರಿಯಲ್ಲಿ ಇದನ್ನು ಹೆಸರು ಹಾಕಿ ಬರೆದಿದ್ದಾನೆ. ವಾದ್ಯದವರಿಗೆ ಆ ಭಾಗ್ಯ ಅಪರೂಪ.

ಸಿಮ್ಕೋ ಗೊತ್ತಲ್ಲ, ಮುಂದೆ ನಮ್ಮ ಒಂಟಾರಿಯೋದ ಮೊದಲ ಲೆಫ್ಟಿನೆಂಟ್ ಗವರ್ನರ್ ಆದವನು. ಚುರುಕಿನ ಮನುಷ್ಯ. ಕಾಡಿನಲ್ಲಿ ಚದುರಿ ಓಡಾಡುವ ಪಡೆಗೆ ದೊಡ್ಡ ಡ್ರಮ್ ಹೊರೆ ಅಂತ ಕಂಡು ಬ್ಯೂಗಲ್ ಕೊಂಬು ಬಳಸಿದ. ಅವನ ಪಡೆಯ ಸ್ಕಾಟ್ ಕಂಪನಿಗೆ ಬ್ಯಾಗ್‌ಪೈಪ್ ನುಡಿಸುವವನೂ ಇದ್ದ. ಡ್ರಮ್ ಹೊಡೆಯುವ ನಾನೇ ಹೇಳುತ್ತೇನೆ, ಅವನು ಮಾಡಿದ್ದು ಸರಿ. ಮಳೆಯಲ್ಲಿ ಕರುವಿನ ಚರ್ಮ ನೆನೆದರೆ ಎಷ್ಟು ಹಗ್ಗ ಬಿಗಿದರೂ ಒದ್ದೆ ಹಾಸಿಗೆ ಬಡಿದ ಸದ್ದು.

ದಂಡು_ಪೇಟೆ:

ಚೆಂಡೆಯವರೇ, ಒಪ್ಪಿದೆ, ಇನ್ನು ಚಿತ್ರ ನೋಡಿ ಮಾತಾಡುವುದಿಲ್ಲ. ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಸೋತ ಬ್ರಿಟಿಷ್ ಜನರಲ್ ಕಾರ್ನ್‌ವಾಲಿಸ್, ಟಿಪ್ಪು ಮೇಲೆ ಬಂದ ನಮ್ಮ ಕಾರ್ನ್‌ವಾಲಿಸೇ ಅಲ್ವಾ? ಅಲ್ಲಿ ಶರಣಾಗುವಾಗ 'ಜಗತ್ತು ತಲೆಕೆಳಗಾಯಿತು' ಎನ್ನುವ ಹಾಡು ಬಾರಿಸಿದರಂತೆ. ಅದಾದರೂ ನಿಜವಾ, ಅದೂ ಕಥೆಯಾ?

ಚೆಂಡೆ_ಕಾರ್ನ್‌ವಾಲ್:

ಅವನೇ. 1781ರಲ್ಲಿ ಯಾರ್ಕ್‌ಟೌನ್, 1791ರಲ್ಲಿ ಬೆಂಗಳೂರು ಕೋಟೆ, 1792ರಲ್ಲಿ ಶ್ರೀರಂಗಪಟ್ಟಣ.

ಹಾಡಿನ ವಿಷಯ ಸಂಶಯವೇ. ಒಪ್ಪಂದದಲ್ಲಿ ಇರುವುದು ಬಾವುಟ ಸುತ್ತಿಕೊಂಡು, ಬ್ರಿಟಿಷ್ ಅಥವಾ ಜರ್ಮನ್ ಧಾಟಿ ಬಾರಿಸುತ್ತಾ ಹೊರಬರಬೇಕು ಅಂತ. ಗೆದ್ದವರ ಧಾಟಿ ಬಾರಿಸಿ ಅಣಕಿಸುವ ಹಾಗಿಲ್ಲ, ಅದು ಅವಮಾನಕ್ಕೇ ಹಾಕಿದ ಷರತ್ತು. ನೋಡಿದವರು ಯಾರೂ ಆಗ ಹಾಡಿನ ಹೆಸರು ಬರೆದಿಟ್ಟಿಲ್ಲ. ಆ ಹೆಸರು ಪುಸ್ತಕದಲ್ಲಿ ಬಂದದ್ದು ಹತ್ತಿರ ಹತ್ತಿರ ಐವತ್ತು ವರ್ಷದ ಮೇಲೆ.

ನಿಜವಾದದ್ದು ಬೇಕಾದರೆ ಅದಕ್ಕೆ ಎರಡು ದಿನ ಹಿಂದೆ ಹೋಗಿ. ಅಕ್ಟೋಬರ್ 17ರ ಬೆಳಗ್ಗೆ ಒಬ್ಬ ಬ್ರಿಟಿಷ್ ಡ್ರಮ್ಮರ್ ಕೋಟೆ ದಿಬ್ಬದ ಮೇಲೆ ಹತ್ತಿ ಪಾರ್ಲಿ ಬಾರಿಸಿದ, ಅಂದರೆ ಮಾತಾಡೋಣ ಎಂಬ ಸೂಚನೆ. ಫಿರಂಗಿ ಸದ್ದಿನಲ್ಲಿ ಆ ಡ್ರಮ್ ಯಾರಿಗೂ ಕೇಳಲಿಲ್ಲ. ಕೆಂಪು ಕೋಟು ಕಂಡು ಫಿರಂಗಿ ನಿಲ್ಲಿಸಿದರು. ಎದುರು ಪಕ್ಷದ ಎಬೆನೇಜರ್ ಡೆನ್ನಿ ಎಂಬ ಯುವ ಅಧಿಕಾರಿ, ಇಷ್ಟು ಇಂಪಾದ ಡ್ರಮ್ ತಾನು ಕೇಳಿದ್ದೇ ಇಲ್ಲ ಅಂತ ದಿನಚರಿಯಲ್ಲಿ ಬರೆದುಕೊಂಡ. ಆ ಡ್ರಮ್ಮರ್ ಹೆಸರು ಯಾರೂ ಬರೆಯಲಿಲ್ಲ ನೋಡಿ. ನನಗೆ ಸಿಟ್ಟು ಬರುವುದೇ ಇದಕ್ಕೆ.

ಲಾಯಲಿಸ್ಟರಿಗೆ ಆ ಡ್ರಮ್ ಇಂಪಾಗಿ ಕೇಳಿರಲಾರದು. ಸೇರಿಕೊಂಡ ಸ್ಥಳೀಯರನ್ನು ಶಿಕ್ಷಿಸಬಾರದು ಅಂತ ಕಾರ್ನ್‌ವಾಲಿಸ್ ಕೇಳಿದ, ವಾಷಿಂಗ್ಟನ್ ಒಪ್ಪಲಿಲ್ಲ. ಕೊನೆಗೆ ಬೊನೆಟ್ಟಾ ಎಂಬ ಒಂದೇ ಹಡಗನ್ನು ತಪಾಸಣೆ ಇಲ್ಲದೆ ಬಿಡುವುದು ಅಂತಾಯಿತು. ಅದರಲ್ಲಿ ಎಷ್ಟು ಜನ ಹಿಡಿಸಿದರೋ ಅಷ್ಟು ಜನ ನ್ಯೂಯಾರ್ಕಿಗೆ ತಪ್ಪಿಸಿಕೊಂಡರು. ಕಾಯಿಲೆ ಬಿದ್ದಿದ್ದ ಸಿಮ್ಕೋ ಹೋದದ್ದೂ ಅದರಲ್ಲೇ.

ಮಾರಿಸ್‌ಬರ್ಗ್_ಅಪ್ಪ:

ಸರ್, ಇಷ್ಟು ವಿವರ ನಾನು ನಿರೀಕ್ಷೆ ಮಾಡಿರಲಿಲ್ಲ, ತುಂಬಾ ಥ್ಯಾಂಕ್ಸ್. ಮಗಳಿಗೆ ಎಲ್ಲ ಓದಿ ಹೇಳಿದೆ. ಚಾಟಿಯ ಭಾಗ ಬಿಟ್ಟು ಓದಿದ್ದೆ, ಅವಳೇ ಆಮೇಲೆ ಫೋನ್ ಕಿತ್ತುಕೊಂಡು ಓದಿದಳು. ಈಗ ಅದನ್ನೇ ಮೊದಲ ಪುಟದಲ್ಲಿ ಹಾಕುತ್ತಾಳಂತೆ! ಅವಳದ್ದು ಎರಡು ಪ್ರಶ್ನೆ. ಫೈಫ್ ಅಷ್ಟು ಕಿರುಚುವುದು ಯಾಕೆ? ಯುದ್ಧ ಮುಗಿದ ಮೇಲೆ ಈ ವಾದ್ಯದವರು ಎಲ್ಲಿಗೆ ಹೋದರು?

ಚೆಂಡೆ_ಕಾರ್ನ್‌ವಾಲ್:

ಮೊದಲ ಪುಟದಲ್ಲೇ ಹಾಕಲಿ, ಜಾಣೆ.

ಫೈಫಿನಲ್ಲಿ ಆರು ತೂತು, ಒಳಗಿನ ಕೊರೆ ಸಪೂರ. ಕೆಳಗಿನ ಸ್ವರಗಳು ಅದರಲ್ಲಿ ಗುಸುಗುಸು ಅನ್ನುತ್ತವೆ, ಹೊರಗೆ ಕೇಳುವುದಿಲ್ಲ. ಅದಕ್ಕೇ ಮೇಲಿನ ಸ್ಥಾಯಿಯಲ್ಲೇ ನುಡಿಸುವುದು. ಡ್ರಮ್ಮಿನ ಗುಡುಗು ಕೆಳಗೆ, ಫೈಫ್ ಅದರ ಮೇಲೆ. ಎರಡೂ ಒಂದನ್ನೊಂದು ಮುಚ್ಚುವುದಿಲ್ಲ. ಬ್ರಿಟಿಷ್ ಸೈನ್ಯದಲ್ಲಿ ಮಧ್ಯೆ ಫೈಫ್ ಬಿಟ್ಟೇ ಹೋಗಿತ್ತು. 1740ರ ದಶಕದಲ್ಲಿ ಕಂಬರ್‌ಲ್ಯಾಂಡ್ ಡ್ಯೂಕ್ ಕಾಲದಲ್ಲಿ ಜರ್ಮನರನ್ನು ನೋಡಿ ಮತ್ತೆ ತಂದರು. ಪಕ್ಕದ ಮನೆಯವರ ಬಗ್ಗೆ ಹೇಳಿದಿರಲ್ಲ, ಅಭ್ಯಾಸಕ್ಕೆ ನದಿ ದಂಡೆಗೆ ಕಳಿಸಿ. ನನ್ನನ್ನೂ ಮನೆಯವಳು ಅಲ್ಲಿಗೇ ಕಳಿಸುತ್ತಾಳೆ.

ಎಲ್ಲಿ ಹೋದರು ಅಂದರೆ, ನಿಮ್ಮ ಊರಿಗೇ ಬಂದರು. ರೆಜಿಮೆಂಟಿನ ಮೊದಲ ಬೆಟಾಲಿಯನ್ 1783ರ ಡಿಸೆಂಬರ್‌ನಲ್ಲಿ ವಿಸರ್ಜನೆಯಾಯಿತು. 1784ರಲ್ಲಿ ಇದೇ ನದಿ ದಂಡೆಯಲ್ಲಿ ಭೂಮಿ ಅಳೆದು ಕೊಟ್ಟರು. ಕಾರ್ನ್‌ವಾಲ್, ಆಸ್ನಬ್ರಕ್, ವಿಲಿಯಮ್ಸ್‌ಬರ್ಗ್, ಮಟಿಲ್ಡಾ ಎಲ್ಲ ಅವರ ಟೌನ್‌ಶಿಪ್‌ಗಳೇ. ಮಾರಿಸ್‌ಬರ್ಗ್ ಇರುವುದು ಆ ಹಳೇ ವಿಲಿಯಮ್ಸ್‌ಬರ್ಗ್ ಟೌನ್‌ಶಿಪ್ಪಿನ ಜಾಗದಲ್ಲಿ. ಸಾಮಾನ್ಯ ಸೈನಿಕನಿಗೆ 100 ಎಕರೆ, ಮನೆಯಲ್ಲಿರುವ ಪ್ರತಿಯೊಬ್ಬರಿಗೆ ಇನ್ನೂ 50. ಎಲ್ಲಾ ದಟ್ಟ ಕಾಡು, ಕಡಿದು ಬಿತ್ತಬೇಕಿತ್ತು.

ಹುಡುಕಬೇಕಾದರೆ ಹೀಗೆ ಮಾಡಿ. ಕೆನಡಾದ ರಾಷ್ಟ್ರೀಯ ದಾಖಲೆ ಸಂಗ್ರಹದ (ಲೈಬ್ರರಿ ಅಂಡ್ ಆರ್ಕೈವ್ಸ್ ಕೆನಡಾ) ಆರ್‌ಜಿ 8 ಎಂಬ ದಾಖಲೆ ಗುಂಪಿನ 'ಸಿ' ಸರಣಿಯಲ್ಲಿ ಲಾಯಲಿಸ್ಟ್ ಪಡೆಗಳ ಹಾಜರಿ ಪಟ್ಟಿಗಳಿವೆ. ಒಂದು ಕಂಪನಿ ಆರಿಸಿಕೊಂಡು ಅದರ ಡ್ರಮ್ಮರ್‌ಗಳ ಹೆಸರು ಬರೆದುಕೊಳ್ಳಿ. ಆಮೇಲೆ 1784ರ ನಂತರದ ಭೂಮಿ ಅರ್ಜಿಗಳಲ್ಲಿ ಅದೇ ಹೆಸರು ಇದೆಯಾ ನೋಡಿ. ಮೆಕ್‌ಡೊನೆಲ್ ಹೆಸರಿನವರನ್ನು ಮಾತ್ರ ಆರಿಸಬೇಡಿ. ಆ ಪಡೆಯಲ್ಲಿ ಜಾನ್ ಮೆಕ್‌ಡೊನೆಲ್ ಅಂತ ಕೂಗಿದರೆ ಅರ್ಧ ಸಾಲು ತಿರುಗಿ ನೋಡುತ್ತಿತ್ತು.